ಕೂರಿಸುವವಳು

ದಾಕ್ಷಾಯಿಣಿ ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ನೆಟ್ಟಗೆ ಮಂಚದ ಬಳಿ ಹೋಗಿ ಅವ್ವನ ಮೊಣಕಾಲನ್ನು ಒತ್ತಿ ನೋಡಿದಳು. ಮುಖ ನೋಡಿದ್ದು ಆಮೇಲೆ. ಮೊಣಕಾಲು ಇನ್ನೂ ಮೆತ್ತಗಿತ್ತು. ಗಂಟೆ ಏಳೂವರೆ. ಆರಕ್ಕೆ ಪ್ರಾಣ ಹೋಯಿತು ಎಂದು ಅಣ್ಣ ರುದ್ರೇಶ ಫೋನಿನಲ್ಲಿ ಹೇಳಿದ್ದ. ಪೋರೂರಿನಿಂದ ಪೆರಂಬೂರಿಗೆ ಆಟೋದಲ್ಲಿ ಬರುವಷ್ಟು ಹೊತ್ತೂ ಅವಳ ತಲೆಯಲ್ಲಿ ಓಡುತ್ತಿದ್ದುದು ಒಂದೇ ಯೋಚನೆ. ಹತ್ತರೊಳಗೆ ಆಗಬೇಕು, ಹತ್ತು ದಾಟಿದರೆ ಕಷ್ಟ.

ಲಿಂಗ ಕಟ್ಟಿದವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕಾಲು ಮಡಚಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತವರ ಹಾಗೆ ಕಳಿಸಬೇಕು. ದಾವಣಗೆರೆ ಕಡೆಯಾದರೆ ಇದು ಬಲ್ಲವರು ಓಣಿಗೆ ನಾಲ್ವರು ಸಿಗುತ್ತಾರೆ. ಮದ್ರಾಸಿಗೆ ಬಂದು ಅಂಗಡಿ ಇಟ್ಟ, ನೌಕರಿ ಹಿಡಿದ ಇನ್ನೂರು ಮನೆಗಳವರಿಗೆ ಇದನ್ನು ಮಾಡಿಕೊಡುತ್ತಿದ್ದವಳು ಒಬ್ಬಳೇ, ಕಾರ್ಪೊರೇಷನ್ ಹೆರಿಗೆ ಆಸ್ಪತ್ರೆಯ ನರ್ಸು ಜಯದೇವಿ. ಈಗ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದವಳು ಅವಳೇ.

ಮೂಲೆಯ ಕುರ್ಚಿಯಲ್ಲಿ ಅಪ್ಪ ಸೋಮಲಿಂಗಪ್ಪ ಕೂತಿದ್ದರು. ರೈಲು ಕೋಚ್ ಫ್ಯಾಕ್ಟರಿಯಲ್ಲಿ ಮೂವತ್ತೈದು ವರ್ಷ ಕಬ್ಬಿಣದ ಸದ್ದು ಕೇಳಿ ಕೇಳಿ ಅರ್ಧ ಕಿವುಡಾದ ಮನುಷ್ಯ. ಮಗಳನ್ನು ಕಂಡು ಅವರು ಅಳಲಿಲ್ಲ. ಇವಳನ್ನ ಯಾವಾಗ ಕೂರಿಸ್ತೀರಿ ಎಂದು ಕೇಳಿದರು.

ರುದ್ರೇಶ ಹಾಲಿನಲ್ಲಿ ಮೊಬೈಲ್ ಹಿಡಿದು ಓಡಾಡುತ್ತಿದ್ದ. ಸಮಾಜದ ಅಧ್ಯಕ್ಷ ಭೋಜರಾಜ ಕೊಯಮತ್ತೂರಿನಲ್ಲಿದ್ದಾರಂತೆ, ಸುದ್ದಿ ಕೇಳಿದ ಕೂಡಲೇ ಹೊರಟಿದ್ದಾರಂತೆ, ಮೂರು ಗಂಟೆಗೆ ಬಂದು ಶಾಲು ಹೊದಿಸಿ ಸಮಾಜದ ಪರವಾಗಿ ಗೌರವ ಸಲ್ಲಿಸುತ್ತಾರಂತೆ. ಅಲ್ಲಿಯವರೆಗೆ ಇಡಲು ಐಸ್ ಬಾಕ್ಸಿಗೆ ಹೇಳಿಯಾಗಿತ್ತು.

"ಅಣ್ಣ, ಬಾಕ್ಸು ಬ್ಯಾಡ. ಈಗ್ಲೇ ಕೂರಿಸಿಬಿಡಬೇಕು. ಆಮೇಲೆ ಕಾಲು ಬಗ್ಗಲ್ಲ."

"ಕೂರಿಸಿದ್ರೆ ಬಾಕ್ಸಿನಾಗೆ ಹಿಡಿಯಲ್ಲ ದಾಕ್ಷಿ. ಮೂರು ಗಂಟೆ ತನಕ ಈ ಮೇ ತಿಂಗಳ ಕತ್ತಿರಿ ಬಿಸಿಲಾಗೆ ಹೆಂಗೆ ಇಡ್ತೀಯ?"

"ಅವರು ಬರೋದಕ್ಕೆ ಮುಂಚೆ ಮಣ್ಣು ಮಾಡಿದ್ರೆ ಏನಾಗ್ತದೆ?"

ರುದ್ರೇಶ ಫೋನನ್ನು ಜೇಬಿಗೆ ಹಾಕಿದ. ಅವನ ಕಣ್ಣುಗಳು ಕೆಂಪಾಗಿದ್ದವು. "ಅವ್ವಗೆ ಇಷ್ಟು ವರ್ಷಕ್ಕೆ ಒಂದು ಮರ್ಯಾದೆ ಸಿಗ್ತಾ ಐತೆ. ಅದನ್ನೂ ತಪ್ಪಿಸ್ತೀಯಾ? ಸರಿ ಮಾ, ಹಂಗಾದ್ರೆ ನೀನೇ ಕೂರಿಸು. ನಿನಗೆ ಗೊತ್ತಲ್ಲ."

ದಾಕ್ಷಾಯಿಣಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಒಂದು ಬಕೆಟ್ ಬಿಸಿನೀರು, ಎರಡು ಟವೆಲ್, ಮುಕ್ಕಾಲು ಗಂಟೆಯ ಕೆಲಸ. ಆದರೆ ಎಂಟು ವರ್ಷದ ಹಿಂದೆ ಇದೇ ಮನೆಯಲ್ಲಿ ನಿಂತು ಆಡಿದ ಮಾತೊಂದು ಅಡ್ಡ ಬಂತು. ಅವಳು ಒಳಗೆ ಹೋಗಿ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತುಕೊಂಡಳು.

*

ಕಾಲೇಜಿಗೆ ಹೋಗುತ್ತಿದ್ದಾಗ ದಾಕ್ಷಾಯಿಣಿ ಅವ್ವನ ಜೊತೆ ಸಾವಿನ ಮನೆಗಳಿಗೆ ಹೋಗುತ್ತಿದ್ದಳು. ಜಯದೇವಿ ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಹೊರಡುವವಳು. ಗಂಡಸರನ್ನೆಲ್ಲ ಹೊರಗೆ ಕಳಿಸಿ, ಸೆರಗು ಸಿಕ್ಕಿಸಿ, ಹಿಂಡಿದ ಬಿಸಿ ಟವೆಲನ್ನು ಮೊಣಕಾಲಿಗೆ ಸುತ್ತಿ, ಅವಸರವಿಲ್ಲದೆ ಒತ್ತುತ್ತ ಬಗ್ಗಿಸುತ್ತ ಮಾತಾಡಿಸುವಳು. "ಸ್ವಲ್ಪ ಬಗ್ರಿ ಯಜಮಾನ್ರೇ. ಆತು, ಆತು, ಇನ್ನೊಂದೀಟು." ಹೆರಿಗೆ ಕೋಣೆಯಲ್ಲಿ ಬಸುರಿಯರಿಗೆ ತಮಿಳಿನಲ್ಲಿ ಧೈರ್ಯ ಹೇಳುವ ದನಿಯೂ ಇದೇ. ಸತ್ತವರೂ ಅವಳ ಮಾತು ಕೇಳುತ್ತಿದ್ದರು.

ಬದುಕಿದ್ದವರದು ಬೇರೆ. ಕೆಲಸ ಮುಗಿದ ಮೇಲೆ ದೂರದಿಂದ ಕೈಗೆ ನೀರು ಹಾಕುವರು. ಮುಂದೆ ಅದೇ ಮನೆಯ ಮದುವೆಗೆ ಕರೆದರೆ, ಐದು ಜನ ಮುತ್ತೈದೆಯರನ್ನು ಅರಿಸಿನಕ್ಕೆ ಕರೆಯುವಾಗ ಜಯದೇವಿಯನ್ನು ಕಂಡೂ ಕಾಣದಂತೆ ದಾಟಿಹೋಗುವರು. ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊಟ ಮಾಡಿ, ಎಲೆ ಮಡಚಿ, ಬಸ್ಸು ಹತ್ತಿ ಬರುವಳು. ತಲೆ ಕೆಡಿಸಿಕೊಳ್ಳಲು ಮನೆಯಲ್ಲಿ ಮಗಳಿದ್ದಳು.

ತೊಂಬತ್ತೆಂಟರಲ್ಲಿ ಭೋಜರಾಜನ ತಂದೆ ತೀರಿಕೊಂಡರು. ಭಾರಿ ಆಳು, ಬಚ್ಚಲಲ್ಲಿ ಬಿದ್ದವರು, ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಮೈ ಸೆಟೆದಿತ್ತು. ಜಯದೇವಿಗೆ ಮೂರು ಗಂಟೆ ಹಿಡಿಯಿತು. ದಾಕ್ಷಾಯಿಣಿಯ ಅಂಗೈ ಬಿಸಿನೀರಿಗೆ ಕೆಂಪಾಗಿ ಊದಿತ್ತು. ಕೊನೆಗೆ ತನ್ನಪ್ಪ ಗೋಡೆಗೊರಗಿ ಕೂತದ್ದನ್ನು ಕಂಡ ಭೋಜರಾಜ ಜಯದೇವಿಯ ಎರಡೂ ಕೈ ಹಿಡಿದು ಗೊಳೋ ಎಂದು ಅತ್ತ. ಅಕ್ಕ, ನಿಮ್ಮ ಋಣ ತೀರಿಸಕ್ಕೆ ಆಗಲ್ಲ, ಏನು ಬೇಕಾದ್ರೂ ಕೇಳಿ ಎಂದ.

ಜಯದೇವಿ ನಂಬಿದಳು. ಎರಡು ತಿಂಗಳು ಬಿಟ್ಟು ಕೇಳಿದಳು. ಜನ್ಮದಲ್ಲಿ ಯಾರನ್ನಾದರೂ ಏನಾದರೂ ಕೇಳಿದ್ದರೆ ಅದೊಂದೇ. ಭೋಜರಾಜನ ತಮ್ಮನಿಗೆ ನಮ್ಮ ದಾಕ್ಷಿಯನ್ನು ತಂದುಕೊಳ್ಳುತ್ತೀರಾ ಎಂದು. ಅವನ ತಾಯಿ ಕೊಟ್ಟ ಉತ್ತರವನ್ನು ನಡುವಿನ ಹೆಂಗಸೊಬ್ಬಳು ಬಂದು, ಹೇಳಬಾರದು ಹೇಳಬಾರದು ಎನ್ನುತ್ತಲೇ, ಒಂದಕ್ಷರ ಬಿಡದೆ ಹೇಳಿಹೋದಳು.

"ಹೆಣ ಮುಟ್ಟೋ ಕೈಲಿ ನಮ್ಮನೆ ಅಕ್ಕಿ ತೊಳಿಸ್ಲಾ?"

ಜಯದೇವಿ ಮರುದಿನದ ಡ್ಯೂಟಿಗೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಮಾಡುತ್ತಲೇ ಇದ್ದಳು. ಆ ಸುಮ್ಮನಿರುವಿಕೆಯೇ ದಾಕ್ಷಾಯಿಣಿಯನ್ನು ಸುಟ್ಟಿತು. ಅವಳು ಎದುರಿಗೆ ಬಂದು ನಿಂತು ಹೇಳಿದಳು.

"ಇನ್ನು ಮ್ಯಾಲೆ ನಾನು ಹೆಣ ಮುಟ್ಟಲ್ಲ. ನಿಂದೂ ಮುಟ್ಟಲ್ಲ."

"ಆಯ್ತು," ಎಂದಳು ಜಯದೇವಿ. ಮುಂದಿನ ವಾರ ಯಾರೋ ಕರೆಯಲು ಬಂದಾಗ ಬಕೆಟ್ಟು ಟವೆಲ್ ತಾನೇ ಎತ್ತಿಕೊಂಡು ಒಬ್ಬಳೇ ಹೋದಳು.

*

ಒಂಬತ್ತಕ್ಕೆ ಬಾಕ್ಸು ಬಂತು. ಅವ್ವನನ್ನು ಉದ್ದಕ್ಕೆ ಮಲಗಿಸಿ ಗಾಜು ಮುಚ್ಚಿದರು. ಹತ್ತು ಹೊಡೆಯಿತು, ಹನ್ನೊಂದಾಯಿತು. ದಾಕ್ಷಾಯಿಣಿ ಅಡುಗೆಮನೆಯಿಂದ ಎರಡು ಸಲ ಹೊರಗೆ ಬಂದು, ಎರಡು ಸಲವೂ ಯಾರಿಗೋ ನೀರು ಕೊಟ್ಟು ಒಳಗೆ ಹೋದಳು. ತನ್ನ ಹಟ ಎಂಥ ಕೆಟ್ಟದ್ದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಅದು ಬಿಡಲಿಲ್ಲ.

ಜನ ಬರುತ್ತಲೇ ಇದ್ದರು. ಆಸ್ಪತ್ರೆಯ ಸುತ್ತಿನ ಅಯನಾವರದ ಹೆಂಗಸರು ದೊಡ್ಡ ದೊಡ್ಡ ಮಕ್ಕಳನ್ನು ಕೈಹಿಡಿದು ತಂದು, ನಿನ್ನನ್ನು ಮೊದಲು ಎತ್ತಿಕೊಂಡದ್ದು ಈ ಸಿಸ್ಟರಮ್ಮನೇ ಎಂದು ತಮಿಳಿನಲ್ಲಿ ಹೇಳಿ ಗಾಜಿಗೆ ಕೈಮುಗಿಸಿದರು. ಸಮಾಜದವರೂ ಬಂದರು. ನಮ್ಮಪ್ಪನ್ನ ಕೂರಿಸಿದ್ದು ಇವರೇ, ನಮ್ಮತ್ತೇನ ಕೂರಿಸಿದ್ದು ಇವರೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಇವರನ್ನು ಯಾರು ಕೂರಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ಕಾಫಿ ಕುಡಿಯದೆ ಹೋದರು.

ಮೂರು ಗಂಟೆ ಎಂದವರು ನಾಲ್ಕೂವರೆಗೆ ಬಂದರು. ಭೋಜರಾಜ ಗಾಜಿನ ಮೇಲೆ ಶಾಲು ಹೊದಿಸಿದ, ಫೋಟೋದವನು ಶಾಲಿನಿಂದ ಮುಖ ಮುಚ್ಚಿಹೋಯಿತೆಂದು ಇನ್ನೊಮ್ಮೆ ಹೊದಿಸಲು ಹೇಳಿದ. ಆಮೇಲೆ ಕ್ರಿಯೆ ಮಾಡಿಸಲು ಬಂದ ಅಯ್ಯನವರು ಹೊತ್ತಾಯಿತು ಕೂರಿಸಿರಿ ಎಂದರು. ಬಾಕ್ಸಿನಿಂದ ಎತ್ತಿ ಚಾಪೆಯ ಮೇಲಿಟ್ಟಾಗ ಜಯದೇವಿ ಹಲಗೆಯ ಹಾಗೆ ಬಂದಳು. ಇಬ್ಬರು ಗಂಡಸರು ಮೊಣಕಾಲು ಹಿಡಿದು ಬಲವಾಗಿ ಒತ್ತಿದರು. ಮತ್ತೊಬ್ಬ ಭುಜ ಹಿಡಿದ.

"ಬಿಡ್ರಿ," ಎಂದಳು ದಾಕ್ಷಾಯಿಣಿ. "ಮುರೀತದೆ. ಎಲ್ಲರೂ ಹೊರಗೆ ಹೋಗ್ರಿ."

ಅವಳು ಬಾಗಿಲು ಹಾಕಿಕೊಂಡಳು. ಅಪ್ಪ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಬಿಸಿನೀರು ಕಾಯಿಸಿ, ಟವೆಲ್ ಹಿಂಡಿ, ಸುತ್ತಿ, ಒತ್ತಿದಳು. ಟವೆಲ್ ತಣ್ಣಗಾಯಿತೇ ಹೊರತು ಏಳು ಗಂಟೆ ಐಸಿನಲ್ಲಿದ್ದ ಮೊಣಕಾಲು ಬೆಚ್ಚಗಾಗಲಿಲ್ಲ. ಬೆಳಿಗ್ಗೆ ಇದೇ ಮೊಣಕಾಲು ಅವಳ ಬೆರಳ ಕೆಳಗೆ ಮೆತ್ತಗಿತ್ತು. ಇನ್ನೊಂದು ಟವೆಲ್, ಮತ್ತೊಂದು. "ಬಗ್ಗವ್ವ," ಎಂದಳು. "ಒಂದೀಟು ಬಗ್ಗು. ತಪ್ಪಾಯ್ತು." ಊರವರ ಅವ್ವಂದಿರೆಲ್ಲ ಬಗ್ಗಿದ್ದರು, ಅವಳ ಅವ್ವ ಬಗ್ಗಲಿಲ್ಲ. ಕಿಟಕಿಯಾಚೆಯಿಂದ ಭೋಜರಾಜ ನೋಡುತ್ತ ನಿಂತಿದ್ದುದು ಅವಳಿಗೆ ಕಂಡಿತು. ಮುಕ್ಕಾಲು ಗಂಟೆಯಾದ ಮೇಲೆ ಅವಳು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಆಮೇಲೆ ಎದ್ದು ಬಾಗಿಲು ತೆಗೆದಳು. ಮಲಗಿಸಿಯೇ ಮಾಡೋಣ, ಶಿವ ಎಲ್ಲದರಲ್ಲೂ ಇದ್ದಾನೆ ಎಂದರು ಅಯ್ಯನವರು. ರುದ್ರೇಶ ಗೋಡೆ ಕಡೆ ತಿರುಗಿ ಅಳತೊಡಗಿದ.

ಸೋಮಲಿಂಗಪ್ಪ ಎದ್ದು ಬಂದು ಮಗಳ ಮುಖ ನೋಡಿದರು. "ಇವಳನ್ನ ಮಲಗಿಸಿ ಕಳಿಸ್ತೀರಾ?" ಎಂದು ಕೇಳಿದರು. ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಉತ್ತರ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

*

ಸುಡುಗಾಡಿನ ಮೂಲೆಯಲ್ಲಿ ಸಮಾಜಕ್ಕೆ ಬಿಟ್ಟ ಜಾಗದಲ್ಲಿ ಗುಂಡಿ ತಯಾರಿತ್ತು. ಮೊಳ ಹಿಡಿದು ತೋಡಿದ ಚೌಕದ ಗುಂಡಿ, ಎದೆಯಾಳ, ಒಬ್ಬರು ಕಾಲು ಮಡಚಿ ಕೂರುವಷ್ಟು ಅಗಲ. ಉದ್ದಕ್ಕೆ ಮಲಗಿಸಿಕೊಂಡು ತಂದ ದೇಹವನ್ನು ಕಂಡು ಗುಂಡಿ ತೋಡುವವನು ತಬ್ಬಿಬ್ಬಾದ.

"ಉಂಗಾಳುಂಗ ಉಟ್ಕಾಂದು ತಾನೇ ವರುವಾಂಗ?" ಎಂದ. ನಿಮ್ಮವರು ಕೂತುಕೊಂಡೇ ತಾನೇ ಬರುವುದು?

ಅವನು ಹಾರೆ ತೆಗೆದುಕೊಂಡು ಮತ್ತೆ ಗುಂಡಿಗಿಳಿದು ಒಂದು ಕಡೆಯ ಗೋಡೆ ಕಡಿಯತೊಡಗಿದ. ಜಯದೇವಿಯನ್ನು ಪಕ್ಕದ ಮಣ್ಣಿನ ಮೇಲೆ ಇಳಿಸಿದರು. ಕಾಯುವ ಹೊತ್ತು ವ್ಯರ್ಥವಾಗದಿರಲೆಂದು ಭೋಜರಾಜ ನಾಲ್ಕು ಮಾತಾಡಿದ. ಈ ತಾಯಿ ನಮ್ಮ ಹಿರಿಯರನ್ನೆಲ್ಲ ಗೌರವದಿಂದ ಕೂರಿಸಿ ಕಳಿಸಿದಳು, ಅವಳ ಜಾಗ ತುಂಬುವವರಿಲ್ಲ ಎಂದ. ಮಾತಾಡುವಾಗ ಅವನ ದನಿ ನಿಜವಾಗಿಯೂ ನಡುಗಿತು.

ಮಾತು ಮುಗಿಸಿದವನು ದಾಕ್ಷಾಯಿಣಿಯ ಬಳಿ ಬಂದ. ಸ್ವಲ್ಪ ದೂರದಲ್ಲೇ ನಿಂತ.

"ಕಿಟಕೀಲಿ ನೋಡ್ದೆ ಕಣಮ್ಮ. ನಿಂಗೂ ಈ ಕೆಲಸ ಬರ್ತದೆ ಅಂತ ಮರೆತೇಹೋಗಿತ್ತು. ನಮ್ಮವ್ವಗೂ ಎಂಬತ್ತೆರಡಾಯ್ತು, ಹಾಸಿಗೆ ಹಿಡಿದವಳೆ. ನಂಬರ್ ಕೊಟ್ಟಿರು."

ಅವನ ಮುಖಕ್ಕೆ ಉಗುಳಬೇಕು ಎನ್ನಿಸಿತು. ಅಕ್ಕಿಯ ಮಾತು ನೆನಪಿದೆಯೇ ಎಂದು ಕೇಳಬೇಕು ಎನ್ನಿಸಿತು. ಗುಂಡಿಯಲ್ಲಿ ಹಾರೆಯ ಏಟು ಬೀಳುತ್ತಿತ್ತು, ಒಂದೊಂದು ಏಟಿಗೂ ಗುಂಡಿ ಒಂದೊಂದು ಬೆರಳು ಉದ್ದವಾಗುತ್ತಿತ್ತು. ಕೊಡಬಾರದು, ಕೊಡಬಾರದು ಎಂದುಕೊಳ್ಳುತ್ತಲೇ ಅವಳು ಹತ್ತೂ ಅಂಕಿ ಹೇಳಿದಳು.

ಅಷ್ಟರಲ್ಲಿ ಹಾರೆಯ ಸದ್ದು ನಿಂತಿತು. ನಂಬರ್ ಸರಿಯಾಗಿದೆಯೋ ಇಲ್ಲವೋ ನೋಡಲು ಭೋಜರಾಜ ಅಲ್ಲೇ ನಿಂತು ಒಂದು ಮಿಸ್ಡ್ ಕಾಲ್ ಕೊಟ್ಟ. ಜಯದೇವಿಯನ್ನು ಹಗ್ಗದ ಮೇಲೆ ಉದ್ದಕ್ಕೆ ಇಳಿಸುತ್ತಿದ್ದ ಹೊತ್ತಿಗೆ ದಾಕ್ಷಾಯಿಣಿಯ ಬ್ಯಾಗಿನಲ್ಲಿ ಫೋನು ಎರಡು ಸಲ ರಿಂಗಾಗಿ ನಿಂತಿತು.

"ಬಂತಲ್ಲ," ಎಂದು ಅವನು ಹೆಸರು ಬರೆದುಕೊಳ್ಳತೊಡಗಿದ.