ಮೆಟ್ಟಿಲ ಕಲ್ಲಿನ ಎಂಟು ಅಂಕಿ

ಕಲ್ಲಿಗೆ ದುಡ್ಡೇನೂ ಇಲ್ಲ, ಅದು ಅವರದೇ. ಗಾಡಿ ಬಾಡಿಗೆ ಇನ್ನೂರು, ಉಜ್ಜಿ ನುಣುಪು ಮಾಡಲು ಮುನ್ನೂರು, ಕೆತ್ತಲು ಅಂಕಿಗೆ ಐವತ್ತರಂತೆ ಎಂಟಕ್ಕೆ ನಾನೂರು. ಒಟ್ಟು ಒಂಬೈನೂರು ಎಂದೆ. ಲೆಕ್ಕದ ಮೇಷ್ಟ್ರ ಹೆಂಡತಿ ಚೌಕಾಸಿ ಮಾಡಲಿಲ್ಲ. ಮೇಷ್ಟ್ರು ಹೋಗಿ ಆಗಿನ್ನೂ ತಿಂಗಳಾಗಿತ್ತು.

ಕಲ್ಲು ಅವರ ಮನೆ ಮುಂದಿನ ಮೆಟ್ಟಿಲಿನದು. ಮೇಷ್ಟ್ರು ಸಂಜೆ ಸಂಜೆ ಅದರ ಮೇಲೆ ಕೂತು ಸೀಮೆಸುಣ್ಣದಲ್ಲಿ ಲೆಕ್ಕ ಗೀಚುತ್ತಿದ್ದರಂತೆ. ಈಗ ಅದು ಅವರ ಸಮಾಧಿಗೆ. ಹೆಸರು ಬೇಡ, ಒಂದು ಸಂಖ್ಯೆ ಸಾಕು: ೭೩೯೩೯೧೩೩.

“ಇದೇನಕ್ಕಾ, ಫೋನ್ ನಂಬರಾ? ಮೇಷ್ಟ್ರು ಎತ್ತುತ್ತಾರಾ?” ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ.

ಆಕೆ ನಕ್ಕರು. “ಎತ್ತಿದ್ರೂ ಪಾಠಾನೇ ಮಾಡ್ತಿದ್ರು, ತಮ್ಮಾ. ಇದನ್ನ ಯಾವುದರಿಂದ ಭಾಗಿಸಿದ್ರೂ ಒಡೆಯಲ್ಲ. ಬಲಗಡೆ ಒಂದಂಕಿ ಕಿತ್ತುಹಾಕು, ಉಳಿದದ್ದೂ ಒಡೆಯಲ್ಲ. ಹೀಗೇ ಕಿತ್ತು ಕಿತ್ತು ಏಳೊಂದೇ ಉಳಿಯೋವರೆಗೂ ಅಷ್ಟೇ. ಇಂಥವುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಕೈಲೆಕ್ಕದಲ್ಲೇ ಹುಡುಕಿದ್ರು, ಒಂಬತ್ತು ವರ್ಷ. ಬೇರೆ ಯಾರೋ ಮೊದಲೇ ಹುಡುಕಿಟ್ಟಿದ್ರು ಅಂತ ಆಮೇಲೆ ಗೊತ್ತಾಯ್ತು. ಎರಡು ದಿನ ಊಟ ಮಾಡಲಿಲ್ಲ.” ಸಂಖ್ಯೆ ಬರೆದ ಚೀಟಿಯನ್ನು ನನ್ನ ಕೈಗಿಟ್ಟು ಹೇಳಿದರು: “ಮಕ್ಕಳಿಲ್ಲ ನಮಗೆ. ಬಿಟ್ಟುಹೋದದ್ದು ಇದೊಂದೇ.”

ಅಂಕಿ ಕೆತ್ತುವಾಗ ನನ್ನದೊಂದು ರೂಢಿ. ಚೀಟಿಯ ಅಂಕಿಗಳನ್ನು ಕೂಡಿಟ್ಟುಕೊಳ್ಳುತ್ತೇನೆ, ಕೆತ್ತಿದ ಮೇಲೆ ಕಲ್ಲಿನವನ್ನು ಕೂಡುತ್ತೇನೆ. ತಾಳೆಯಾದರೆ ಕೆಲಸ ಮುಗಿಯಿತು. ಮೂವತ್ತು ವರ್ಷ ಎಷ್ಟೋ ಜನರ ಹುಟ್ಟಿದ ಇಸವಿ, ಸತ್ತ ಇಸವಿಗಳನ್ನು ಹೀಗೇ ದಾಟಿಸಿದ್ದೇನೆ. ಈ ಸಲವೂ ಚೀಟಿಯಲ್ಲಿ ಮೂವತ್ತೆಂಟು, ಕಲ್ಲಿನಲ್ಲಿ ಮೂವತ್ತೆಂಟು.

ಆಕೆ ನೋಡಲು ಬಂದರು. ಬಲಗಡೆಯಿಂದ ಒಂದೊಂದೇ ಅಂಕಿಯನ್ನು ಅಂಗೈಯಲ್ಲಿ ಮುಚ್ಚುತ್ತ ಬಂದರು. ನಾಲ್ಕು ಉಳಿದಾಗ ಕೈ ನಿಂತಿತು.

“ಏಳು ಸಾವಿರದ ಮುನ್ನೂರ ತೊಂಬತ್ತೊಂಬತ್ತು. ಇದು ಏಳರ ಮಗ್ಗಿಗೆ ಸಿಗುತ್ತಲ್ಲೋ.”

“ಕೂಡಿ ನೋಡಿದೀನಿ ಅಕ್ಕಾ, ಮೂವತ್ತೆಂಟೇ ಬರುತ್ತೆ.”

“ಜಾಗ ಅದಲುಬದಲಾದ್ರೆ ಮೊತ್ತ ಬದಲಾಗುತ್ತೇನೋ?”

ನೋಡಿದೆ. ನಾಲ್ಕನೆಯ ಜಾಗದ ಮೂರು ಐದನೆಯ ಜಾಗಕ್ಕೆ ಹೋಗಿತ್ತು, ಅಲ್ಲಿನ ಒಂಬತ್ತು ನಾಲ್ಕನೆಯದಕ್ಕೆ ಬಂದಿತ್ತು. ಉಜ್ಜಿ ಮತ್ತೆ ಕೆತ್ತೋಣವೆಂದರೆ ತುಳಿದು ತುಳಿದು ಸವೆದ ಕಲ್ಲು, ಎರಡು ಬೆರಳು ದಪ್ಪವೂ ಇಲ್ಲ. ಬೇರೆ ಕಲ್ಲು ಪುಕ್ಕಟೆ ಹಾಕಿಕೊಡುತ್ತೇನೆ ಎಂದೆ.

“ಆ ಕಲ್ಲಿನ ಮೇಲೆ ಅವರು ಕೂತಿದ್ರಾ?”

ಆಕೆ ಕಲ್ಲಿನತ್ತ ಬಗ್ಗಿ ಮೂರನೆಯ ಅಂಕಿಯ ಪಕ್ಕ ಉಗುರಿನಿಂದ ಗೆರೆ ಎಳೆದರು.

“ಇಲ್ಲಿಗೆ ಕೊಯ್ದುಬಿಡು. ಏಳುನೂರ ಮೂವತ್ತೊಂಬತ್ತು. ಅದೂ ಒಡೆಯಲ್ಲ.”

“ಹಾಗಾದ್ರೆ ಸರಿಹೋಯ್ತಲ್ಲಕ್ಕಾ?”

“ಮೂರಂಕಿಯಲ್ಲಿ ಅಂಥವು ಹದಿನಾಲ್ಕಿವೆ, ತಮ್ಮಾ. ಸ್ಕೂಲ್ ಮಕ್ಕಳೂ ಅರ್ಧ ದಿನದಲ್ಲಿ ಹುಡುಕ್ತವೆ.”

ಗರಗಸ ಹಚ್ಚಿದೆ. ಹಣ ಮುಟ್ಟಲಿಲ್ಲ, ಗಾಡಿಯವನಿಗೂ ನಾನೇ ಕೊಟ್ಟೆ. ಕಲ್ಲಿನ ಮೇಲೆ ಮೂರು ಅಂಕಿ ಉಳಿದವು. ಐದು ಅಂಕಿ ಹೋದವು, ಅವುಗಳ ಜೊತೆ ಮೇಷ್ಟ್ರ ಒಂಬತ್ತು ವರ್ಷವೂ ಹೋಯಿತು.