ತವರಿಗೆ ಬಿಟ್ಟ ಹಿಡಿ ಅಕ್ಕಿ

ನನ್ನ ಗಂಡನ ಹಠ ನನಗೇನು ಹೊಸದಲ್ಲ. ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಕೆಟ್ಟ ದಿನ, ಯಾರು ಬೇಡವೆಂದರೂ ಕೇಳದೆ ಗ್ಯಾಸ್ ಸಿಲಿಂಡರ್ ಹೊತ್ತು ಮೇಲೆ ತಂದ ಮನುಷ್ಯ. ಆದರೆ ಸಾಯುವ ವಿಷಯದಲ್ಲೂ ಹಠ ಹಿಡಿದರೆ ಸಿಟ್ಟು ಬಾರದೇ?

ಇವರ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ವಂಶವಾಹಿ ತಾಳೆಯಾಗುವ ಒಬ್ಬರ ಮಜ್ಜೆಯಿಂದ, ರಕ್ತ ಹುಟ್ಟಿಸುವ ಕೋಶಗಳನ್ನು ತೆಗೆದು ಇವರಿಗೆ ಹಾಕಬೇಕು ಎಂದರು ಡಾಕ್ಟರು. ನಮ್ಮ ಮಗಳು ನೇತ್ರಾಳದು ಅರ್ಧ ತಾಳೆಯಾಯಿತು. ಗೋರೆಗಾಂವ್‌ನಲ್ಲಿರುವ ಇವರ ತಂಗಿ ನೀಲಾವತಿಯದು ಪೂರ್ತಿ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ.

ಇವರು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದರು.

“ಕೊಟ್ಟ ಹೆಣ್ಣಮಗಳ ಕಡೆಯಿಂದ ಏನೂ ತಗೋಬಾರದು. ಆಕಿಗೆ ಕೊಡೂದಷ್ಟ ನಮ್ಮ ಕೆಲಸ.”

ಕೊಡುವುದರಲ್ಲಿ ಇವರು ಎಂದೂ ಹಿಂದೆ ಬಿದ್ದವರಲ್ಲ. ಪ್ರತಿ ನಾಗರ ಪಂಚಮಿಗೆ ತಂಗಿಯನ್ನು ಕರೆತಂದು, ಖಣ, ಅಕ್ಕಿ, ಕೊಬ್ಬರಿಯಿಂದ ಉಡಿ ತುಂಬಿಸುತ್ತಾರೆ. ತುಂಬುವವಳು ನಾನು. ಆಮೇಲೆ ನೀಲಾವತಿ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ತಾಟಿಗೆ ಬಿಟ್ಟೇ ಏಳುತ್ತಾಳೆ, ತವರು ಬರಿದಾಗಬಾರದೆಂದು.

ಡಾಕ್ಟರು ಬಿಡಿಸಿ ಹೇಳಿದರು. ನೇತ್ರಾ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಬೇಡಿಕೊಂಡಳು. ನಾನು ಬಾಯಿಗೆ ಬಂದಂತೆ ಬೈದೆ. ಗೋಡೆಯ ಕಡೆಗಿದ್ದ ಮುಖ ಈಚೆ ತಿರುಗಲಿಲ್ಲ.

ಮರುದಿನ ನೀಲಾವತಿ ಲೋಕಲ್ ರೈಲು ಹಿಡಿದು ಬಂದು ಅಣ್ಣನ ಕಾಲ ಬಳಿ ಕೂತಳು.

“ಅಣ್ಣಾ, ಇಷ್ಟ ವರ್ಷ ನಾ ತಾಟಿಗೆ ಹಿಡಿ ಅಕ್ಕಿ ಬಿಟ್ಟಾಗ ಒಮ್ಮೆರೆ ಬ್ಯಾಡ ಅಂದಿಯೇನು?”

“ಅದು ತವರಿಗೆ ಬಿಡೂದು.”

“ಇದೂ ತವರಿಗೇ. ಅಪ್ಪ ಅವ್ವ ಕೊಟ್ಟ ಗಂಟಿನಾಗಿಂದ ಒಂದು ಹಿಡಿ. ನೀನೇ ಇಲ್ಲಂದ್ರ ನನಗ ತವರು ಎಲ್ಲೈತಿ?”

ಇವರು ನಿಧಾನಕ್ಕೆ ಈಚೆ ತಿರುಗಿದರು. ಕಣ್ಣು ತುಂಬಿದ್ದವು.

ನೀಲಾವತಿಯ ಕೋಶಗಳು ಇವರ ಮೂಳೆಯಲ್ಲಿ ನೆಲೆಯೂರಲು ವಾರಗಳೇ ಹಿಡಿದವು. ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಕೆಲವು ತಿಂಗಳಲ್ಲಿ ಇವರ ಬ್ಲಡ್ ಗ್ರೂಪ್ ಬದಲಾಗಿ ತಂಗಿಯದೇ ಆಯಿತು. ಇನ್ನು ಮೇಲೆ ಇವರು ಹಠ ಮಾಡಿದರೆ ನಾದಿನಿಯನ್ನೇ ಜವಾಬು ಕೇಳುತ್ತೇನೆ ಎಂದೆ. ಇವರು ನಕ್ಕರು, ಎಷ್ಟೋ ದಿನಕ್ಕೆ.

ಈ ಪಂಚಮಿಗೂ ನೀಲಾವತಿಯ ಉಡಿಯನ್ನು ನಾನೇ ತುಂಬಿದೆ. ಅವಳು ಹಿಡಿ ಅಕ್ಕಿ ತೆಗೆದು ತಾಟಿನತ್ತ ಬಾಗಿದಳು. ಇವರು ತಾಟನ್ನು ಪಕ್ಕಕ್ಕೆ ಸರಿಸಿ, ತಂಗಿಯ ಮುಂದೆ ಕೂತು ಬೊಗಸೆ ಒಡ್ಡಿದರು.