ಎರಡನೆಯ ಪ್ರಯಾಣಿಕಳ ಹೆಸರು

ನನ್ನ ಹೆಂಡತಿ ಇಸಿಲ್ಡಾಳನ್ನು ಮಣ್ಣು ಮಾಡಿ ಐದು ವಾರವಾಗಿತ್ತು. ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರಿದರೆ ಅರ್ಧಕ್ಕೇ ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ. ಏಕೆ ಬಂದೆನೆಂದು ತಿಳಿಯದೆ ಹಿಂದಿರುಗುತ್ತಿದ್ದೆ. ಮೂವತ್ತೊಂದು ವರ್ಷ ಈ ಊರಿನಲ್ಲಿ ಬಸ್ಸು ನಡೆಸಿದವನು ನಾನು. ಈಗ ದಿನವೂ ನನ್ನ ಕಾರು ತೆಗೆದು, ಹಳೆಯ ಬಸ್ಸಿನ ದಾರಿಯಲ್ಲೇ ಲಾಡರ್‌ಹಿಲ್‌ನಿಂದ ಕಡಲಿನವರೆಗೆ ಹೋಗಿ, ಅಲ್ಲಿ ಒಂದು ನಿಮಿಷ ನಿಂತು, ಅದೇ ದಾರಿಯಲ್ಲಿ ಹಿಂದಿರುಗುವುದು ರೂಢಿಯಾಯಿತು. ಯಾರೂ ಹತ್ತುತ್ತಿರಲಿಲ್ಲ, ಯಾರೂ ಇಳಿಯುತ್ತಿರಲಿಲ್ಲ.

ಆ ಶುಕ್ರವಾರ ಹಾಗೆ ತಿರುಗಿ ಬರುತ್ತಿದ್ದಾಗ ಮರ್ಲೀನಳ ಫೋನು ಬಂತು. ಮರ್ಲೀನ್ ನಮ್ಮ ಚರ್ಚಿನ ಸಭೆಯ ಗಾಯಕವೃಂದದಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಹಾಡುವವಳು. ವಾರದ ದಿನಗಳಲ್ಲಿ, ತನ್ನ ಅಕ್ಕನ ಕೂದಲು ಸಿಂಗರಿಸುವ ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕುಳಿತು ಹಡಗಿನ ಪ್ರವಾಸಗಳನ್ನು ಮಾರುತ್ತಾಳೆ. ಪ್ರತಿ ಜೂನ್‌ನಲ್ಲಿ ನಮ್ಮ ಸಭೆಯ ನಲವತ್ತು ಮಂದಿ ಅವಳ ಹಿಂದೆ ಹಡಗು ಹತ್ತುತ್ತಾರೆ.

"ಬ್ರದರ್ ಗೇಲ್, ಇವತ್ತು ನಾಲ್ಕು ಗಂಟೆಗೆ ಕೊನೆ. ಆಮೇಲೆ ಹಡಗಿನವ್ರು ಯಾರ ಹೆಸ್ರನ್ನೂ ಮುಟ್ಟಕ್ಕೆ ಬಿಡಲ್ಲ. ಕೋಣೆ, ಕಡಲತೀರ, ವಿಮೆ, ಮೂರೂ ಹೇಳ್ಬಿಡಿ."

"ಹೋಗೋದೇ ಇನ್ನೂ ತೀರ್ಮಾನ ಆಗಿಲ್ಲ ಮರ್ಲೀನ್."

"ಅದನ್ನೂ ಹೇಳ್ಬಿಡಿ. ಬನ್ನಿ."

ಈ ಪ್ರವಾಸ ನನ್ನ ಬಯಕೆಯಾಗಿರಲಿಲ್ಲ. ಇಸಿಲ್ಡಾಳ ತಂದೆ ನಾವು ಹುಟ್ಟಿದ ದ್ವೀಪದ ಡಂಕನ್ಸ್ ಎಂಬ ಊರಿನ ಮೀನುಗಾರ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಅವಳು ನೀರಿಗೆ ಕಾಲಿಟ್ಟವಳಲ್ಲ. ಫ್ಲಾರಿಡಾದಲ್ಲಿ ನಲವತ್ತು ವರ್ಷ ಬದುಕಿಯೂ ಕಡಲತೀರದಲ್ಲಿ ಚಪ್ಪಲಿ ಬಿಚ್ಚಲಿಲ್ಲ. ಸಭೆಯವರು ಹಡಗಿಗೆ ಹೊರಟಾಗಲೆಲ್ಲ, "ತೇಲೋ ಹೋಟ್ಲಲ್ಲಿ ತಿಂದು ದಪ್ಪ ಆಗಿ ಬರಕ್ಕೆ ಇಷ್ಟೊಂದ್ ಪೆಟ್ಟಿಗೆ ಯಾಕೆ" ಎಂದು ನಗುತ್ತಿದ್ದಳು. ಅಂಥವಳು ಈ ಜನವರಿಯಲ್ಲಿ ಒಂದು ಭಾನುವಾರ ಊಟಕ್ಕೆ ಕುಳಿತಾಗ, "ಮಿಸ್ಟರ್ ಗೇಲ್, ಈ ಸಲದ ಹಡಗು ನಮ್ಮ ಫಾಲ್ಮತ್ ಬಂದರಲ್ಲಿ ನಿಲ್ಲತ್ತಂತೆ. ಅಲ್ಲಿಂದ ಡಂಕನ್ಸ್ ಎಷ್ಟು ದೂರ? ನಮ್ಮಪ್ಪನ ದಡ ಒಂದ್ಸಲ ನೋಡ್ಬೇಕು" ಎಂದಳು. ನಾನು ಉಪ್ಪುಮೀನು ಅಗಿಯುತ್ತ, ಆಗಲಿ ಎಂದೆ. ಬೇರೇನೂ ಕೇಳಲಿಲ್ಲ. ಆ ವಾರವೇ ಅವಳು ಮರ್ಲೀನಳ ಬಳಿ ಹೋಗಿ ಇಬ್ಬರ ಹೆಸರನ್ನೂ ಬರೆಸಿ ಬಂದಳು. ಫೆಬ್ರವರಿಯಲ್ಲಿ ಅವಳ ಹೊಟ್ಟೆಯೊಳಗಿನ ರೋಗ ಗೊತ್ತಾಯಿತು. ಮಾರ್ಚ್ ಮುಗಿಯುವ ಮೊದಲು ಕರ್ತನು ಅವಳನ್ನು ಕರೆದುಕೊಂಡನು.

ನಾನು ಹೋದಾಗ ಮರ್ಲೀನಳ ಕೋಣೆಯಲ್ಲಿ ನಮ್ಮ ಸಭೆಯ ಹಿರಿಯ ಸೇವಕ ಡೀಕನ್ ಆಸ್ಬರ್ನ್ ಎರಡು ಕುರ್ಚಿಗಳ ಜಾಗ ಹಿಡಿದು ಕುಳಿತಿದ್ದರು. ಗೋಡೆಯ ಮೇಲೆ ಹಡಗಿನ ನಕ್ಷೆ, ಜೇನುಗೂಡಿನಂತೆ ಕೋಣೆಗಳು. ಹೊರಗಿನಿಂದ ಕೂದಲೆಣ್ಣೆಯ ವಾಸನೆಯೂ ಹೆಂಗಸರ ನಗುವೂ ಬರುತ್ತಿದ್ದವು.

"ಹಡಗಿನ ಮೂತೀಲಿ ಕೋಣೆ ಬೇಡ ಅಂತ ನಾನು ಹೇಳ್ದೆ, ಡೀಕನ್" ಎನ್ನುತ್ತಿದ್ದಳು ಮರ್ಲೀನ್. "ಅಲೆ ಬಂದ್ರೆ ಮೊದಲು ಎದ್ದು ಬೀಳೋದೇ ಅದು. ಕಿಟಕಿನೂ ಇಲ್ಲ. ಅಗ್ಗ ಅಗ್ಗ ಅಂತ ನೀವೇ ತಗೊಂಡ್ರಿ."

"ಅದಕ್ಕೇ ಕೇಳ್ತಿರೋದು ಮಗಳೇ. ಲಿನ್‌ವಾಲ್ ಗೇಲ್ ಕೋಣೆ ಹಡಗಿನ ನಡುಮಧ್ಯ, ಕಿಟಕಿ ಇದೆ. ಅಲ್ಲೊಂದು ಹಾಸಿಗೆ..." ಎಂದವರು ನನ್ನನ್ನು ಕಂಡು ಮಾತು ನಿಲ್ಲಿಸಿ ಟೋಪಿ ತೆಗೆದರು.

"ಹೇಳಿ ಡೀಕನ್, ನಿಲ್ಲಿಸ್ಬೇಡಿ" ಎಂದೆ.

"ತಪ್ಪು ತಿಳಿಬೇಡ. ಒಬ್ಬನೇ ಮಲಗೋದು ಒಳ್ಳೇದಲ್ಲ ಅಂತ ಅಂದೆ."

"ನೀವು ಜೊತೇಲಿದ್ರೆ ಅವ್ರು ಮಲಗೋದೇ ಇಲ್ಲ" ಎಂದಳು ಮರ್ಲೀನ್. "ಹೋದ ವರ್ಷ ನಿಮ್ಮ ಗೊರಕೆ ಕೇಳಿ ಪಕ್ಕದ ಕೋಣೆಯವ್ರು ಹಡಗಿನ ಯಂತ್ರ ಕೆಟ್ಟಿದೆ ಅಂತ ದೂರು ಕೊಟ್ಟಿದ್ರು. ಈಗ ಹೊರಗೆ ಹೋಗಿ ಕೂತ್ಕೊಳ್ಳಿ. ನನ್ನಕ್ಕ ಶುಂಠಿ ಚಹಾ ಕೊಡ್ತಾಳೆ."

ಅವರು ಹೋದ ಮೇಲೆ ಅವಳು ದನಿ ತಗ್ಗಿಸಿದಳು. "ಮೂರು ದಾರಿ ಇದೆ, ಬ್ರದರ್ ಗೇಲ್. ಒಂದು, ಎಲ್ಲಾ ರದ್ದು ಮಾಡೋದು. ಮಿಸ್ ಇಸಿ ವಿಮೆ ಮಾಡಿಸಿದ್ರು. ಮರಣಪತ್ರ ತೋರಿಸಿದ್ರೆ ಕಟ್ಟಿದ್ದೆಲ್ಲ ವಾಪಸ್ ಬರತ್ತೆ. ಎರಡು, ಅವ್ರ ಹೆಸ್ರು ತೆಗೆದು ಡೀಕನ್ ಹೆಸ್ರು ಹಾಕೋದು. ಮೂರನೇದು..." ಎಂದು ಬಾಗಿಲ ಕಡೆ ನೋಡಿದಳು. "ಏನೂ ಮುಟ್ಟದೇ ಇರೋದು."

"ಅಂದ್ರೆ?"

"ಒಬ್ರು ಹೋದ್ರೂ ಇಬ್ರು ಹೋದ್ರೂ ಕೋಣೆಗೆ ದುಡ್ಡು ಅಷ್ಟೇ. ಎರಡು ಹೆಸ್ರು ಇದ್ರೆ ನಿಮ್ಮ ಕೋಣೆ ಇದ್ದ ಹಾಗೇ ಇರತ್ತೆ. ಹೆಸ್ರು ತೆಗೆದ್ರೆ ಹೊಸದಾಗಿ ಬರೀಬೇಕು, ಕಿಟಕಿ ಕೋಣೆ ಸಿಗತ್ತೋ ಇಲ್ವೋ. ಅದಕ್ಕೇ ನಮ್ಮ ಸಭೆಯ ವಿಧವೆಯರು ಗಂಡನ ಹೆಸ್ರು ಹಾಗೇ ಬಿಟ್ಟಿರ್ತಾರೆ. ಹಡಗು ಹೊರಡೋ ಹೊತ್ತಿಗೆ ಎರಡನೆಯವ್ರು ಬರ್ಲಿಲ್ಲ ಅಂತ ಅವ್ರು ಬರ್ಕೋತಾರೆ. ಅಷ್ಟೇ. ಮಿಸಸ್ ಬೆಕ್‌ಫರ್ಡ್ ಗಂಡ ಸತ್ತು ಆರು ವರ್ಷ ಆಯ್ತು. ಆ ಪುಣ್ಯಾತ್ಮ ಆರು ಸಲ ಹಡಗು ತಪ್ಪಿಸ್ಕೊಂಡಿದಾನೆ."

ನನಗೆ ನಗು ಬಂತು. ಐದು ವಾರದಲ್ಲಿ ಮೊದಲ ಸಲ. ಅದರ ಹಿಂದೆಯೇ ಒಂದು ಆಸೆಯೂ ಬಂತು. ಕೋಣೆಯ ಬಾಗಿಲ ಪಕ್ಕದ ಚೀಟಿಯಲ್ಲಿ ಎರಡು ಹೆಸರಿರುತ್ತದೆ: ಲಿನ್‌ವಾಲ್ ಗೇಲ್, ಇಸಿಲ್ಡಾ ಗೇಲ್. ಕೋಣೆ ಒರೆಸುವವನು ಎರಡು ದಿಂಬು ಇಡುತ್ತಾನೆ. ಅಮ್ಮನವರು ಎಲ್ಲಿ ಎಂದು ಅವನು ಕೇಳಿದರೆ, ಮೇಲೆ ಗಾಳಿಗೆ ಹೋಗಿದ್ದಾಳೆ ಎನ್ನಬಹುದು. ಏಳು ದಿನ.

"ಹಾಗೇ ಬಿಡು" ಎಂದೆ.

"ಸರಿ. ಹಾಗಾದ್ರೆ ಇಬ್ರದ್ದೂ ಅರ್ಜಿ ಈಗ್ಲೇ ತುಂಬ್ಸಿಬಿಡ್ತೀನಿ." ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು.

ನನ್ನ ಪುಟ ಬೇಗ ಮುಗಿಯಿತು. ಎರಡನೆಯ ಪುಟ ತೆರೆಯಿತು. ಎರಡನೆಯ ಪ್ರಯಾಣಿಕರು ಈಗ ಆರೋಗ್ಯವಾಗಿದ್ದಾರೆಯೇ? ಅವರಿಗೆ ವೈದ್ಯರು ಪ್ರಯಾಣ ಬೇಡವೆಂದಿದ್ದಾರೆಯೇ? ಆಪತ್ತಿನಲ್ಲಿ ಯಾರಿಗೆ ತಿಳಿಸಬೇಕು? ಕೊನೆಗೆ, ಮೇಲಿನದೆಲ್ಲ ಸತ್ಯವೆಂದು ಒಪ್ಪಿ ಒಂದು ಗುರುತು ಹಾಕಬೇಕು. ಬೆರಳು ಅಲ್ಲಿಯೇ ನಿಂತಿತು. ಎದ್ದೆ. ಗೋಡೆಯ ನಕ್ಷೆಯ ಮುಂದೆ ನಿಂತೆ. ಮತ್ತೆ ಕುಳಿತೆ, ಮತ್ತೆ ಎದ್ದೆ.

"ಎಲ್ರೂ ಒತ್ತುತ್ತಾರೆ, ಬ್ರದರ್ ಗೇಲ್. ಯಾರೂ ಓದಲ್ಲ."

"ವಿಮೆ ಕಾಗದ ಕೊಡು. ಅವಳು ಅದ್ರಲ್ಲಿ ಹೇಗೆ ಬರೆದಿದಾಳೋ ಹಾಗೇ ಬರಿತೀನಿ."

ಮರ್ಲೀನಳ ಮುಖ ಬದಲಾಯಿತು. "ಅದು ಯಾಕೆ ಈಗ?"

"ಕೊಡು."

ಅವಳು ಕಪಾಟಿನ ಮುಂದೆ ತುಸು ಹೆಚ್ಚೇ ಹೊತ್ತು ನಿಂತು ಒಂದು ಹಾಳೆ ತಂದಳು. ಇಸಿಲ್ಡಾ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಲೆಕ್ಕ ಬರೆಯುತ್ತಿದ್ದವಳು. ಅವಳ ಅಕ್ಷರ ಅಚ್ಚಿನಂತೆ ನೇರ. ಕಳೆದ ಆರು ತಿಂಗಳಲ್ಲಿ ಯಾವುದಾದರೂ ಕಾಯಿಲೆ ಇದೆಯೆಂದು ವೈದ್ಯರು ನಿಮಗೆ ತಿಳಿಸಿದ್ದಾರೆಯೇ ಎಂಬ ಪ್ರಶ್ನೆಗೆ ಅವಳು ಹೌದು ಎಂದು ಬರೆದಿದ್ದಳು. ಕೆಳಗೆ ಕಾಯಿಲೆಯ ಹೆಸರು, ವೈದ್ಯರ ಹೆಸರು. ಅವರು ತಿಳಿಸಿದ ದಿನಾಂಕ ನವೆಂಬರ್ ಹದಿನಾಲ್ಕು. ಅದರ ಕೆಳಗೆ ಸಹಿ.

ಫೆಬ್ರವರಿಯಲ್ಲಿ ಗೊತ್ತಾದದ್ದು ನನಗೆ.

ನವೆಂಬರ್‌ನಲ್ಲಿ ಒಂದು ದಿನ ಅವಳು ಹೊಸ ಕನ್ನಡಕಕ್ಕೆ ಹೋಗಿ ಬರುತ್ತೇನೆಂದಳು. ಕಾರಿನಲ್ಲಿ ಬಿಡುತ್ತೇನೆಂದರೆ ಬೇಡ, ಬಸ್ಸಿದೆ ಎಂದಳು. ಸಂಜೆ ಬಂದಾಗ ಮೂಗಿನ ಮೇಲೆ ಹಳೆಯ ಕನ್ನಡಕವೇ ಇತ್ತು. ನಾನು ಅದನ್ನು ನೋಡಿದ್ದೆ.

ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದೆ. ಕಾರು ನಿಲ್ಲಿಸುವ ಬಯಲಿನಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಆ ತುದಿಯಿಂದ ಈ ತುದಿಗೆ ನಡೆದೆ, ಎಷ್ಟು ಸಲವೋ ತಿಳಿಯದು. ದೇವರಿಗೆ ಏನೋ ಹೇಳಬೇಕೆಂದು ಬಾಯಿ ತೆರೆದರೆ ಸಿಟ್ಟಲ್ಲದೆ ಬೇರೆ ಮಾತು ಬರಲಿಲ್ಲ. ಮರ್ಲೀನ್ ಹಿಂದೆಯೇ ಬಂದಿದ್ದಳು.

"ಜನವರಿಯಿಂದ ನಿನಗೆ ಗೊತ್ತಿತ್ತು" ಎಂದೆ. "ಪ್ರತಿ ಭಾನುವಾರ ನನ್ನ ಪಕ್ಕ ನಿಂತು ಹಾಡ್ತಿದ್ದೆ."

"ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡಿದ್ರು."

"ಗಂಡನಿಗೂ?"

"ನಿಮಗೇ ಮೊದಲು ಹೇಳ್ಬಾರ್ದು ಅಂತ." ಅವಳು ಕೈಯ ಬಳೆ ತಿರುಗಿಸಿದಳು. "ಹೇಳ್ಬಿಡ್ತೀನಿ ಕೇಳಿ. ಇಲ್ಲ ಅಂತ ಬರೀರಿ ಮಿಸ್ ಇಸಿ, ಯಾರು ನೋಡ್ತಾರೆ ಅಂತ ನಾನೇ ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಅವ್ರು ಕನ್ನಡಕದ ಮೇಲಿಂದ ನೋಡಿ, ಕೆಳಗೆ ನನ್ನ ಸಹಿ ಇದೆಯಲ್ಲ ಮಗಳೇ ಅಂದ್ರು. ಹೆಚ್ಚು ಕಂತು ಕಟ್ಟಿ, ಕಾಯಿಲೆಗೂ ಸೇರಿಸಿ ವಿಮೆ ಮಾಡಿಸಿದ್ರು. ಹಾಗಾದ್ರೆ ಬ್ರದರ್ ಗೇಲ್‌ಗೆ ಹೇಳ್ಬೇಡ್ವಾ ಅಂದೆ. ಅದಕ್ಕೆ..."

"ಅದಕ್ಕೆ?"

"ಈ ಕಾಗದ ಕೇಳ್ತು, ಹೇಳ್ದೆ. ಅವ್ರು ಕೇಳಿದ್ರೆ ಅವ್ರಿಗೂ ಹೇಳ್ತೀನಿ ಅಂದ್ರು."

ನಾನು ಕೇಳಿರಲಿಲ್ಲ. ಕನ್ನಡಕದ ವಿಷಯ ಕೇಳಲಿಲ್ಲ. ನೀರಿಗೆ ಹೆದರುವವಳು ಹಡಗು ಏಕೆ ಹತ್ತುತ್ತಾಳೆಂದು ಕೇಳಲಿಲ್ಲ. ನಾನು ಕೇಳಲೆಂದು ಅವಳು ಕಾಯುತ್ತಿದ್ದಳೋ, ನಾನು ಕೇಳದಿದ್ದುದೇ ಅವಳಿಗೆ ಆಸರೆಯಾಗಿತ್ತೋ, ಇನ್ನು ಹೇಳುವವರಿಲ್ಲ.

"ವಿಮಾನದಲ್ಲಿ ಹೋಗಬಹುದಿತ್ತಲ್ಲ" ಎಂದೆ. "ಎರಡು ಗಂಟೆ ದಾರಿ."

"ಹಡಗಲ್ಲಿ ಡಾಕ್ಟರ್ ಇರ್ತಾರಾ ಅಂತ ಎರಡು ಸಲ ಕೇಳಿದ್ರು. ತನಗೇನಾದ್ರೂ ಆದ್ರೆ ನೀವು ಒಬ್ರೇ ಒದ್ದಾಡ್ಬಾರ್ದು, ಸಭೆಯವ್ರು ಸುತ್ತ ಇರ್ಬೇಕು ಅಂದ್ರು."

ಒಳಗೆ ಹೋದಾಗ ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷವಿತ್ತು. ಡೀಕನ್ ಆಸ್ಬರ್ನ್ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎರಡನೆಯ ಪುಟ ಇನ್ನೂ ತೆರೆದೇ ಇತ್ತು. ಇವರು ಆರೋಗ್ಯವಾಗಿದ್ದಾರೆಯೇ?

ಸಾಯುವುದು ಗೊತ್ತಿದ್ದೂ ಒಂದು ಸಾಲು ಸುಳ್ಳು ಬರೆಯದವಳ ಹೆಸರಿನಲ್ಲಿ ನಾನು ಗುರುತು ಹಾಕುವುದು ಹೇಗೆ?

"ಇವಳ ಹೆಸ್ರು ತೆಗೆಯೋದು ಎಲ್ಲಿ, ತೋರಿಸು" ಎಂದೆ.

"ನಾನು ತೆಗಿತೀನಿ ಬಿಡಿ."

"ನಾನೇ ತೆಗಿತೀನಿ."

ಅವಳು ತೋರಿಸಿದಳು. ಕಾರಣ ಕೇಳಿತು. ಯೋಜನೆಯ ಬದಲಾವಣೆ, ಅನಾರೋಗ್ಯ, ಮರಣ. ಆ ಮಾತನ್ನು ಐದು ವಾರದಿಂದ ನಾನು ಬಾಯಲ್ಲಿ ಆಡಿರಲಿಲ್ಲ. ಹೋದಳು, ಮಲಗಿದಳು, ಕರ್ತನ ಬಳಿ ಇದ್ದಾಳೆ, ಹೀಗೆಲ್ಲ ಹೇಳುತ್ತಿದ್ದೆ. ಮರಣ ಎಂಬಲ್ಲಿ ಬೆರಳೊತ್ತಿದೆ. ಅವಳ ಹೆಸರಿದ್ದ ಜಾಗ ಬಿಳಿಯಾಯಿತು. ಪ್ರಯಾಣಿಕರ ಸಂಖ್ಯೆ ಎರಡು ಹೋಗಿ ಒಂದಾಯಿತು.

ಮರ್ಲೀನ್ ಉಸಿರು ಬಿಗಿಹಿಡಿದು ಕೀಲಿಗಳನ್ನು ಒತ್ತಿದಳು. "ಕಿಟಕಿ ಕೋಣೆ ಹೋಗ್ಲಿಲ್ಲ. ನಿಮ್ಮ ಹೆಸ್ರಿಗೇ ಇದೆ. ಮಿಸ್ ಇಸಿ ಆರಿಸಿದ್ದ ಕಡೆನೇ. ಬೆಳಿಗ್ಗೆ ದಡ ಕಾಣೋ ಕಡೆ ಕೊಡು ಅಂದಿದ್ರು. ಕಪ್ತಾನ ಹಡಗು ತಿರುಗಿಸಿ ನಿಲ್ಲಿಸಿದ್ರೆ ಬರೀ ನೀರು ಕಾಣತ್ತೆ, ಅದು ನನ್ನ ಕೈಲಿಲ್ಲ ಅಂತ ಹೇಳಿದ್ದೆ."

ಬಾಗಿಲಿಂದ ಡೀಕನ್ ಕೆಮ್ಮಿದರು. "ಹಾಗಾದ್ರೆ ಆ ಇನ್ನೊಂದು ಹಾಸಿಗೆ, ಲಿನ್‌ವಾಲ್?"

"ನಿಮ್ಮ ಮೂತಿ ಕೋಣೇಲೇ ಮಲಗಿ, ಡೀಕನ್. ಹೊಟ್ಟೆ ತೊಳೆಸಿದ್ರೆ ಹಗಲು ಹೊತ್ತು ನನ್ನ ಕಿಟಕಿ ಹತ್ರ ಬಂದು ಕೂತ್ಕೊಳ್ಳಿ. ಗೊರಕೆ ಮಾತ್ರ ಅಲ್ಲೇ ಬಿಟ್ಟು ಬನ್ನಿ."

"ಅಷ್ಟು ಸಾಕು" ಎಂದು ಅವರು ಟೋಪಿ ಹಾಕಿಕೊಂಡರು.

ಉಳಿದದ್ದು ಕಡಲತೀರ. ಹಡಗಿನವರ ಪಟ್ಟಿಯಲ್ಲಿ ಮೂರಿದ್ದವು, ಮೂರರಲ್ಲೂ ಕೊಡೆ, ಕುರ್ಚಿ, ಊಟ, ಹಾಡು. ನಾವು ಹುಟ್ಟಿದ ಸೀಮೆಯಲ್ಲಿ ನಮಗೆ ದಾರಿ ತೋರಿಸಲು ಬಸ್ಸು ಮತ್ತು ಬಾವುಟ ಹಿಡಿದ ಹುಡುಗಿ. ಇಸಿಲ್ಡಾ ಆ ಸಾಲನ್ನು ಖಾಲಿ ಬಿಟ್ಟಿದ್ದಳು.

"ಡಂಕನ್ಸ್, ಮೀನುಗಾರರ ದಡ ಅಂತ ಬರಿ."

"ಅದು ಪಟ್ಟಿಯಲ್ಲಿಲ್ಲ."

"ಪಟ್ಟಿಯಲ್ಲಿಲ್ಲ ಅಂತ್ಲೇ ಅವಳು ಖಾಲಿ ಬಿಟ್ಟಿದ್ದು. ಅವಳ ಚಿಕ್ಕಪ್ಪನ ಮೊಮ್ಮಗನ ಹತ್ರ ವ್ಯಾನಿದೆ. ಕರ್ಕೊಂಡು ಹೋಗ್ತಾನೆ."

"ಬ್ರದರ್ ಗೇಲ್, ಹಡಗಿನವ್ರ ಬಸ್ಸಲ್ಲಿ ಹೋಗಿ ತಡ ಆದ್ರೆ ಹಡಗು ಕಾಯತ್ತೆ. ಸ್ವಂತ ಹೋದ್ರೆ ಕಾಯಲ್ಲ. ನಾಲ್ಕೂವರೆಗೆ ಮೆಟ್ಟಿಲು ಎತ್ತಿಬಿಡ್ತಾರೆ. ಹಿಂದೆ ಓಡಿ ಬಂದು ಕೈ ಬೀಸಿದ್ರೂ ತಿರುಗಿ ನೋಡಲ್ಲ."

ಆ ಮಾತು ನನಗೆ ಹೊಸದಲ್ಲ. ನನ್ನ ಬಸ್ಸು ಮೂವತ್ತೊಂದು ವರ್ಷದಲ್ಲಿ ಒಂದು ನಿಮಿಷ ತಡವಾಗಿ ಹೊರಟದ್ದಿಲ್ಲ; ಅದಕ್ಕೆ ನನಗೆ ಎರಡು ಫಲಕಗಳನ್ನು ಕೊಟ್ಟಿದ್ದಾರೆ. ಇಸಿಲ್ಡಾ ಆ ಫಲಕಗಳ ಧೂಳು ಒರೆಸುತ್ತ, "ಚೀಲ ಹಿಡ್ಕೊಂಡು ಓಡಿ ಬರೋ ಮುದುಕಿನ ಕನ್ನಡೀಲಿ ನೋಡಿಯೂ ಹೊರಟುಬಿಟ್ಟಿದ್ದಕ್ಕೆ ಇವು" ಎನ್ನುತ್ತಿದ್ದಳು.

"ವಿಮೆಯಲ್ಲಿ ಅದಕ್ಕೂ ಒಂದು ಇದೆಯಾ?" ಎಂದು ಕೇಳಿದೆ. "ಹಡಗು ತಪ್ಪಿದ್ರೆ."

ಮರ್ಲೀನ್ ನನ್ನನ್ನು ದಿಟ್ಟಿಸಿ ನೋಡಿದಳು. "ಇದೆ. ಮುಂದಿನ ಊರಿಗೆ ತಲುಪಿಸ್ತಾರೆ. ಆದ್ರೆ ನಿಮಗ್ಯಾಕೆ ಅದು? ಪ್ರಾರ್ಥನೆಗೂ ಹತ್ತು ನಿಮಿಷ ಮೊದಲೇ ಬಂದು ಬಾಗಿಲು ಕಾಯೋರು ನೀವು."

"ಹಾಕು."

ಅವಳು ಹಾಕಿದಳು. ಕೆಳಗಿನ ಸಾಲಿನ ಪ್ರಶ್ನೆಗಳನ್ನು ನಾನು ಒಂದೊಂದಾಗಿ ಓದಿದೆ, ಸತ್ಯವಾದುದನ್ನೇ ಬರೆದೆ, ಸಹಿ ಮಾಡಿದೆ. ಆಗ ನಾಲ್ಕಕ್ಕೆ ಮೂರು ನಿಮಿಷವಿತ್ತು. ಆ ದಡದಲ್ಲಿ ನನಗೆ ಎಷ್ಟು ಹೊತ್ತು ಬೇಕಾಗುವುದೋ ಗೊತ್ತಿರಲಿಲ್ಲ. ಅಲ್ಲಿ ನಿಂತು ಅವಳನ್ನು ಕೇಳಬೇಕಾದುದು ಬಹಳ ಇತ್ತು.